ಒಂಟಿ ದೀಪ

ಇತಿಹಾಸ ಬರೆಯುತ್ತೇವೆಂದು ಬಂದಿದ್ದರು ಇಬ್ಬರು ಹುಡುಗರು.
ಡ್ರೈವರುಗಳ ಫೋಟೊ ಇದೆಯಾ ಅಜ್ಜಿ, ಎಂದರು.
ನನ್ನ ಹತ್ತಿರ ಇರುವುದು ಹನ್ನೊಂದು ಲೆಕ್ಕದ ಪುಸ್ತಕ,
ಅವೆನ್ಯೂ ರಸ್ತೆಯಲ್ಲಿ ಕೊಂಡ ಕೆಂಪು ರಟ್ಟಿನವು,
ಪುಟಪುಟದ ಅಂಚಿಗೂ
ಇಂಜಿನ್ ಆಯಿಲಿನ ಹೆಬ್ಬೆಟ್ಟು.

ಮೊದಲು ಬರೆದುಕೊಳ್ಳಿ: ಇನಾಸಪ್ಪ.
ವಿಲ್ಸನ್ ಗಾರ್ಡನ್ನಿನಲ್ಲಿ ತಗಡಿನ ಶೆಡ್ಡು.
ಹಗಲು ಟ್ಯಾಕ್ಸಿಗಳ ಕ್ಲಚ್ಚು, ರಾತ್ರಿ ನಮ್ಮ ಫಿಯೆಟ್ಟು.
ಅದರ ಒಂದು ಬಾಗಿಲು ಕಲಾಸಿಪಾಳ್ಯದ ಗುಜರಿಯದು,
ಇನ್ನೊಂದು ಯಾರದೋ ಮದುವೆಯ ಕಾರಿನದು,
ಒಳಗಡೆ ಕುಂಕುಮ ಹಾಗೇ ಅಂಟಿತ್ತು.

ನಾನು ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯವಳು.
ಚಿಮಟದಲ್ಲಿ ಎತ್ತಿ ಚಕ್ರ ಕೂರಿಸುವ ಕೆಲಸ,
ಉಸಿರು ಜೋರಾದರೆ ಹಾರಿಹೋಗುವಂಥ ಚಕ್ರ.
ನೀನು ಬಂದು ಕಾಲ ಹಿಡೀಬೇಕು, ಎಂದ ಇನಾಸಪ್ಪ.
ಕಾಲು ಹಿಡಿಯುವವಳಲ್ಲ ನಾನು, ಎಂದೆ.
ನಕ್ಕು ಸ್ಟಾಪ್‌ವಾಚು ಕೈಗಿಟ್ಟ.

ಊರಾಚೆ ಯಾರಿಗೂ ಬೇಡವಾದ ಹಳೆಯ ಏರ್‌ಸ್ಟ್ರಿಪ್ಪು,
ತಿರುವಿಗೆ ರಾಗಿಹುಲ್ಲಿನ ಪಿಂಡಿ, ಸುಣ್ಣ ಬಳಿದ ಡಬ್ಬ.
ಸಂಜೆ ಆರಕ್ಕೆ ಬಾವುಟ, ಬೆಳಿಗ್ಗೆ ಆರಕ್ಕೆ ಬಾವುಟ,
ನಡುವೆ ಹನ್ನೆರಡು ಗಂಟೆ
ಅದೇ ತಿರುವು, ಅದೇ ತಿರುವು, ಅದೇ.
ಮೊದಲ ವರ್ಷ ನಾಲ್ಕನೇ ಗಂಟೆಗೇ ಆಕ್ಸಲ್ ಮುರಿಯಿತು.
ಎರಡನೇ ವರ್ಷದ ಪುಸ್ತಕ ಮಳೆಯಲ್ಲಿ ನೆನೆದು
ಓದಲು ಬರುವುದಿಲ್ಲ; ಸೋತೆವು, ಅಷ್ಟು ಗೊತ್ತು.

ಆಮೇಲೆ ಬಂದ ಟ್ಯಾನರಿ ರಸ್ತೆಯ ಸಯೀದುದ್ದೀನ್,
ಮದರಾಸಿಗೆ ರಾತ್ರಿ ಲಾರಿ ಹೊಡೆಯುತ್ತಿದ್ದವನು.
ಬ್ರೇಕು ಕಡಿಮೆ ತುಳಿ, ಎಂದು ಪೂಣಚ್ಚನಿಗೆ ಕಲಿಸಿದ;
ನಿದ್ದೆ ಬಂದರೆ ಹಾಡಬೇಡ, ಲೆಕ್ಕ ಒಪ್ಪಿಸು, ಎಂದ.
ಬೊಂಬಾಯಿಯವರ ಕಾರು ಸುತ್ತಿಗೆ ನಾಲ್ಕು ಸೆಕೆಂಡು ಚುರುಕು.
ಬೆಳಗಿನ ಜಾವ ಮೂರಕ್ಕೆ ಅವರ ರೇಡಿಯೇಟರು ಕುದಿಯಿತು.
ನಮ್ಮಲ್ಲಿ ಚಿತ್ರಾನ್ನ ತಣ್ಣಗಾಗಿತ್ತು, ಅಷ್ಟೇ.
ಅದು ಮೊದಲ ಕಪ್ಪು.

ಮತ್ತೆ ಮೂರು ವರ್ಷ ಅದೇ ಕಥೆ.
ಗೆದ್ದ ಕಥೆಗಳು ಬೇಗ ಮುಗಿಯುತ್ತವೆ ಮಕ್ಕಳೇ,
ಏಳನೇ ಪುಸ್ತಕ ಇಲ್ಲಿ ಕೊಡಿ.

ಜನವರಿ. ಮಂಜು, ಕೈ ಚಾಚಿದರೆ ಬಳೆ ಕಾಣದು.
ಸುತ್ತು ಇನ್ನೂರ ಮೂವತ್ತೊಂದು. ನಾಲ್ಕು ಹನ್ನೊಂದು.
ಬರೀ ಒಂದು ದೀಪ ಬಂತು, ಹೋಯಿತು.
ಕಾವಲಿನವರ ಮೋಟಾರ್‌ಸೈಕಲ್ಲೆಂದು
ಮೇಜಿನವರು ಟೀ ಕುಡಿದರು, ಗೀಟು ಹಾಕಲಿಲ್ಲ.
ನನ್ನ ಕಿವಿ ಹೇಳಿತು ನಾಲ್ಕು ಚಕ್ರ.
ನನ್ನ ವಾಚು ಹೇಳಿತು ಹದಿನೇಳನೇ ನಂಬರು,
ಬೊಂಬಾಯಿಯದು, ಒಂದು ಕಣ್ಣು ಹೋಗಿದೆ.
ಬರೆದೆ.

ಆರಕ್ಕೆ ಮೈಕಿನಲ್ಲಿ ನಮ್ಮ ಹೆಸರು,
ಅರ್ಧ ಸುತ್ತು ಮುಂದಂತೆ.
ಪೂಣಚ್ಚನ ಕೊರಳಿಗೆ ಸೇವಂತಿಗೆ ಬಿದ್ದಾಗಿತ್ತು.
ಇನಾಸಪ್ಪ ಆ ಸಾಲನ್ನು ಎರಡು ಸಲ ಓದಿದ,
ಕೈ ಒರೆಸಿಕೊಂಡ, ಪುಸ್ತಕ ನನ್ನ ಮಡಿಲಿಗಿಟ್ಟ.
ಹೋಗವ್ವ, ಹೂ ಬಾಡೋಕೆ ಮುಂಚೆ ಹೇಳಿಬಾ.

ನಡೆದೆ. ಐವತ್ತು ಹೆಜ್ಜೆ ಇರಬಹುದು ಆ ಮೇಜಿಗೆ.
ಅದನ್ನು ಮಾತ್ರ ಎಣಿಸಿರಲಿಲ್ಲ.

ಪೂಣಚ್ಚ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ,
ಮಾತಾಡದೆಯೇ ಎರಡು ಕಪ್ಪು ಗೆದ್ದುಕೊಟ್ಟ.
ಬೊಂಬಾಯಿಯಿಂದ ಒಂದು ರಟ್ಟಿನ ಡಬ್ಬಿ ಬಂತು:
ಹತ್ತಿಯಲ್ಲಿ ಸುತ್ತಿದ, ಸುಟ್ಟ ಹೆಡ್‌ಲೈಟು ಬಲ್ಬು.
ಚೀಟಿ ಇರಲಿಲ್ಲ.

ಎಣಿಸಿಕೊಳ್ಳಿ ಬೇಕಾದರೆ, ಗೂಡಿನಲ್ಲಿವೆ,
ಕೊನೆಯದೂ ಸೇರಿ ಏಳು ಕಪ್ಪು, ಒಂದರಲ್ಲಿ ಇನ್ನೂ ನಟ್ಟುಬೋಲ್ಟು.
ಹುಡುಗರು ಕಪ್ಪುಗಳ ಫೋಟೊ ತೆಗೆದರು.
ಬಲ್ಬು ಅಡ್ಡ ಬರುತ್ತದೆಂದು
ಸ್ವಲ್ಪ ಸರಿಸಿಟ್ಟರು.

ರಾತ್ರಿ ಬಾಲ್ಕನಿಯಲ್ಲಿ ನಿಲ್ಲುತ್ತೇನೆ, ಹೊಸೂರು ರಸ್ತೆಯ ಕಡೆ ಮುಖ.
ದೂರದಲ್ಲಿ ಒಂಟಿ ದೀಪ ಕಂಡರೆ
ಅದು ದಾಟಿಹೋಗುವವರೆಗೆ
ಒಳಗೆ ಹೋಗುವುದಿಲ್ಲ.